ವರದಿಗಳೆಲ್ಲ ನಾರ್ಮಲ್, ಮೈಯೆಲ್ಲ ನೋವು: ಫೈಬ್ರೊಮಯಾಲ್ಜಿಯಾಕ್ಕೆ ಮನೆಯಲ್ಲಿ ಏನು ಮಾಡಬಹುದು?

ಪ್ರಶ್ನೆ: ನನಗೆ 43 ವರ್ಷ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಎರಡು ವರ್ಷದಿಂದ ಕುತ್ತಿಗೆ, ಭುಜ, ಬೆನ್ನು, ಸೊಂಟ, ತೊಡೆ ಎಲ್ಲವೂ ನೋಯುತ್ತಿವೆ. ಎಂಟು ತಾಸು ಮಲಗಿದರೂ ಬೆಳಿಗ್ಗೆ ಏಳುವಾಗ ಯಾರೋ ಹೊಡೆದು ಹಾಕಿದಂತಿರುತ್ತದೆ. ಈಗಷ್ಟೇ ತೆಗೆದುಕೊಂಡ ಅಳತೆಯೂ ಮರೆತುಹೋಗುತ್ತದೆ. ಎಕ್ಸ್‌ರೇ, ಸಂಧಿವಾತಕ್ಕೆ ಮಾಡುವ ಆರ್‌ಎ ಫ್ಯಾಕ್ಟರ್ ರಕ್ತಪರೀಕ್ಷೆ ಎಲ್ಲ ನಾರ್ಮಲ್ ಬಂದಿವೆ. ಹುಬ್ಬಳ್ಳಿಯ ವೈದ್ಯರೊಬ್ಬರು ಫೈಬ್ರೊಮಯಾಲ್ಜಿಯಾ ಎಂದು ಹೇಳಿ, ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ ಮಾತ್ರೆ ಬರೆದುಕೊಟ್ಟು, ದಿನವೂ ನಡೆಯಿರಿ ಎಂದರು. ಅರ್ಧ ಗಂಟೆ ನಡೆದು ಎರಡು ದಿನ ಹಾಸಿಗೆ ಹಿಡಿದೆ. ಆ ಮಾತ್ರೆ ಮಾನಸಿಕ ರೋಗಕ್ಕೆ ಕೊಡುವುದು ಎಂದು ಮಗ ಮೊಬೈಲಿನಲ್ಲಿ ನೋಡಿ ಹೇಳಿದ್ದರಿಂದ ಬಿಟ್ಟಿದ್ದೇನೆ. ಅತ್ತೆಯವರು ಎಣ್ಣೆ ತಿಕ್ಕಿ ಲಕ್ಕಿ ಸೊಪ್ಪಿನ ನೀರು ಹಾಕುತ್ತಾರೆ. ವಾಯು ಎಂದು ಆಲೂಗಡ್ಡೆ, ಬದನೆಕಾಯಿ, ಕಡಲೆಬೇಳೆ ಬಿಟ್ಟಿದ್ದೇನೆ. ಪಕ್ಕದ ಮನೆಯವರು ಒಂದು ಪುಡಿ ತಂದುಕೊಟ್ಟಿದ್ದಾರೆ, ಅವರಿಗೆ ಎರಡೇ ದಿನದಲ್ಲಿ ಗುಣ ಕಂಡಿತಂತೆ. ಏನೂ ಕಾಯಿಲೆ ಇಲ್ಲ, ಎಲ್ಲ ನಿನ್ನ ಮನಸ್ಸಿನದು ಎನ್ನುತ್ತಾರೆ ಮನೆಯವರು. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾಗದೆ ಉಳಿದ ಯಾವ ಸಲಹೆಯೂ ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಿಮ್ಮ ನೋವು ನಿಜವಾದದ್ದು. ಎಕ್ಸ್‌ರೇ ಮೂಳೆಯ ಸವೆತವನ್ನು ತೋರಿಸುತ್ತದೆ, ರಕ್ತಪರೀಕ್ಷೆ ಉರಿಯೂತವನ್ನು ತೋರಿಸುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ಇವೆರಡೂ ಇರುವುದಿಲ್ಲ. ತೊಂದರೆ ಇರುವುದು ನೋವಿನ ಸಂದೇಶವನ್ನು ಒಯ್ಯುವ ಮತ್ತು ಅಳೆಯುವ ನರವ್ಯವಸ್ಥೆಯಲ್ಲಿ, ಅಂದರೆ ಬೆನ್ನುಹುರಿ ಮತ್ತು ಮಿದುಳಿನಲ್ಲಿ. ಮನೆಯ ನಾಯಿ ಕಳ್ಳ ಬಂದಾಗ ಬೊಗಳಬೇಕು. ಎಲೆ ಅಲುಗಿದರೂ ರಾತ್ರಿಯಿಡೀ ಬೊಗಳುತ್ತಿದ್ದರೆ ಮನೆಯವರಿಗೆ ನಿದ್ದೆಯಿಲ್ಲ. ನಿಮ್ಮ ನೋವಿನ ಕಾವಲು ಹಾಗಾಗಿದೆ. 2002ರಲ್ಲಿ ಅಮೆರಿಕದ ಸಂಶೋಧಕರು ಈ ಕಾಯಿಲೆ ಇರುವವರ ಮತ್ತು ಆರೋಗ್ಯವಂತರ ಹೆಬ್ಬೆರಳಿನ ಉಗುರಿನ ಮೇಲೆ ಒತ್ತಡ ಹಾಕುತ್ತಾ ಅವರ ಮಿದುಳಿನ ಚಿತ್ರ ತೆಗೆದರು. ಆರೋಗ್ಯವಂತರಲ್ಲಿ ನೋವಿನ ಭಾಗಗಳನ್ನು ಎಚ್ಚರಿಸಲು ಬೇಕಾದ ಒತ್ತಡದ ಸುಮಾರು ಅರ್ಧದಷ್ಟು ಸಾಕಾಗಿತ್ತು, ಈ ರೋಗಿಗಳ ಮಿದುಳಿನಲ್ಲಿ ಅದೇ ಭಾಗಗಳು ಅಷ್ಟೇ ಬಲವಾಗಿ ಕೆಲಸ ಆರಂಭಿಸಲು. ನನ್ನ ಕೋಣೆಯಲ್ಲಿ ಇದನ್ನು ತಿಳಿಯಲು ಯಂತ್ರವೂ ಬೇಕಾಗುವುದಿಲ್ಲ. ಬಿ.ಪಿ. ನೋಡಲು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಾಗ ಬೇರೆಯವರು ಬಿಗಿಯಾಯಿತು ಎನ್ನುತ್ತಾರೆ. ಇವರು ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಾರೆ. ನಿಮ್ಮ ಮನೆಯವರಿಗೆ ಈ ಪ್ಯಾರಾವನ್ನು ಓದಿಸಿ.

ಹುಬ್ಬಳ್ಳಿಯ ವೈದ್ಯರ ನಿರ್ಣಯ ನೀವು ಬರೆದಿರುವ ಲಕ್ಷಣಗಳಿಗೆ ಹೊಂದುತ್ತದೆ. ಮೂರು ತಿಂಗಳಿಗೂ ಮೀರಿದ, ಮೈಯ ಎರಡೂ ಬದಿಗೆ, ಸೊಂಟದ ಮೇಲೂ ಕೆಳಗೂ ಹರಡಿದ ನೋವು, ದಣಿವು ತೀರಿಸದ ನಿದ್ದೆ, ಮರೆವು, ಈ ಮೂರೂ ಒಟ್ಟಿಗೆ ಬಂದಾಗ ನಾವು ಇದನ್ನೇ ಯೋಚಿಸುತ್ತೇವೆ. ಹಿಂದೆ ಮೈಮೇಲಿನ 18 ಜಾಗಗಳನ್ನು ಒತ್ತಿ 11ರಲ್ಲಿ ನೋವಿದೆಯೇ ಎಂದು ನೋಡುವ ಪದ್ಧತಿ ಇತ್ತು. 2010ರಿಂದೀಚೆಗೆ ನೋವು ಎಷ್ಟು ಕಡೆ ಹರಡಿದೆ, ನಿದ್ದೆ ಮತ್ತು ನೆನಪು ಹೇಗಿವೆ ಎಂಬುದಕ್ಕೇ ಅಂಕ ಕೊಡುತ್ತೇವೆ. ಆದರೂ ಒಂದು ಸಂಗತಿ ಖಚಿತವಾಗಬೇಕು. ಥೈರಾಯ್ಡ್ ಕೊರತೆ, ರಕ್ತಹೀನತೆ, ವಿಟಮಿನ್ ಡಿ ಮತ್ತು ಬಿ12 ಕೊರತೆ ಇವೆಲ್ಲ ಇದೇ ರೀತಿಯ ಮೈಕೈ ನೋವು ಮತ್ತು ಸುಸ್ತು ತರುತ್ತವೆ, ಮತ್ತು ಇವುಗಳಿಗೆ ನೇರವಾದ ಚಿಕಿತ್ಸೆ ಇದೆ. ನೀವು ಮಾಡಿಸಿದ ಪರೀಕ್ಷೆಗಳ ಪಟ್ಟಿಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಇಎಸ್‌ಆರ್ (ಉರಿಯೂತದ ಪರೀಕ್ಷೆ), ಬಿ12, ವಿಟಮಿನ್ ಡಿ ಇಲ್ಲದಿದ್ದರೆ ಒಮ್ಮೆ ಮಾಡಿಸಿ. ಎಲ್ಲವೂ ಸರಿ ಬಂದ ಮೇಲೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸುತ್ತಾ ಹಣ ಕಳೆಯಬೇಡಿ.

ಈಗ ನಡಿಗೆಯ ವಿಷಯ. ನೀವು ಸೋತದ್ದು ಇಲ್ಲಿ, ಆದರೆ ನಿಮಗೆ ಅತಿ ಹೆಚ್ಚು ಗುಣ ಸಿಗಬೇಕಾದದ್ದೂ ಇಲ್ಲಿಯೇ. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ 2017ರಲ್ಲಿ ಈ ಕಾಯಿಲೆಗೆ ಇರುವ ಹತ್ತಾರು ಚಿಕಿತ್ಸೆಗಳನ್ನು ತೂಗಿ ನೋಡಿದಾಗ, ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಮಾತ್ರೆಗಳಿಗೆ ಅಷ್ಟು ಬಲದ ಶಿಫಾರಸು ಸಿಗಲಿಲ್ಲ. ಹಾಗಾದರೆ ನಡೆದು ನಿಮಗೆ ಏಕೆ ಹೆಚ್ಚಾಯಿತು? ಎರಡು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುಳಿತಿದ್ದ ಮೈಗೆ ಒಮ್ಮೆಲೇ ಅರ್ಧ ಗಂಟೆ ನಡಿಗೆ ಕೊಟ್ಟಿರಿ. ನಡಿ ಎಂದವರು ಎಷ್ಟು ನಡೆಯಬೇಕೆಂದು ಹೇಳಲಿಲ್ಲ, ಅದು ವೈದ್ಯರಾದ ನಮ್ಮ ಕಡೆಯ ಕೊರತೆ. ಈ ಕಾಯಿಲೆಯಲ್ಲಿ ನಡಿಗೆ ಒಂದು ಔಷಧಿ, ಔಷಧಿಗೆ ಇರುವಂತೆ ಅದಕ್ಕೂ ಪ್ರಮಾಣ ಇದೆ, ಮತ್ತು ನೀವು ಮೊದಲ ದಿನವೇ ಆರು ಪಟ್ಟು ತೆಗೆದುಕೊಂಡಿದ್ದೀರಿ.

ನಿಮ್ಮ ಪ್ರಮಾಣವನ್ನು ನೋವು ತೀರಾ ಹೆಚ್ಚಿರುವ ದಿನದಲ್ಲಿ ಗುರುತಿಸಿಕೊಳ್ಳಿ. ಅಂಥ ದಿನವೂ ಎಷ್ಟು ನಿಮಿಷ ನಡೆದರೆ ಮರುದಿನ ಹೆಚ್ಚಾಗುವುದಿಲ್ಲವೋ ಅದೇ ನಿಮ್ಮ ಆರಂಭ. ಬಹುತೇಕ ಜನರಿಗೆ ಅದು ಐದು ನಿಮಿಷ: ಮನೆಯ ಬಾಗಿಲಿನಿಂದ ಓಣಿಯ ತುದಿಯ ಗುಡಿಯವರೆಗೆ ಹೋಗಿ ಬರುವಷ್ಟು. ಬೆಳಿಗ್ಗೆ ಮೈ ಬಿಸಿಯಾದ ಮೇಲೆ ಒಮ್ಮೆ, ಸಂಜೆ ಒಮ್ಮೆ. ಒಂದು ವಾರ ಅಷ್ಟೇ. ಮೈ ಹಗುರಾಗಿದೆ ಎಂದು ಹತ್ತು ನಿಮಿಷ ಮಾಡಬೇಡಿ, ನೋಯುತ್ತಿದೆ ಎಂದು ಪೂರ್ತಿ ಬಿಡಲೂ ಬೇಡಿ. ಎರಡನೆಯ ವಾರದಿಂದ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ನಿಮಿಷ ಕೂಡಿಸಿ. ನಡೆದ ದಿನ ಸ್ವಲ್ಪ ಹೆಚ್ಚು ನೋಯುವುದು ಸಹಜ. ಎರಡು ದಿನವಾದರೂ ಇಳಿಯದಿದ್ದರೆ ಹಿಂದಿನ ವಾರದ ಲೆಕ್ಕಕ್ಕೆ ಮರಳಿ. ಅರ್ಧ ಗಂಟೆಯ ನಡಿಗೆಗೆ ನೀವು ಮುಟ್ಟುವುದು ಮೂರೋ ನಾಲ್ಕೋ ತಿಂಗಳಿಗೆ. ಇದು ನಿಧಾನ ಎನಿಸುತ್ತದೆ, ಆದರೆ ಬೇಗ ಹೋಗಲು ನೋಡಿದ ಬಹುತೇಕರು ನನ್ನ ಬಳಿ ಎರಡನೆಯ ಬಾರಿ ಬಂದಿದ್ದಾರೆ. ಆರು ವಾರದ ನಂತರ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಐದು ಬಾರಿ, ಗೋಡೆಗೆ ಅಂಗೈ ಊರಿ ತಳ್ಳುವುದನ್ನು ಐದು ಬಾರಿ ಸೇರಿಸಿಕೊಳ್ಳಿ. ಯೋಗ ಬಲ್ಲವರಾದರೆ ಮಾರ್ಜಾಲಾಸನ, ಶವಾಸನ, ದೀರ್ಘ ಉಸಿರಾಟ ಸಾಕು; ಟಿ.ವಿ. ನೋಡಿಕೊಂಡು ಹನ್ನೆರಡು ಸೂರ್ಯನಮಸ್ಕಾರಕ್ಕೆ ಇಳಿಯಬೇಡಿ. ಚೀನಾದ ತಾಯ್ ಚೀ ಎಂಬ ನಿಧಾನ ಚಲನೆಯ ವ್ಯಾಯಾಮವನ್ನು ಮಾಮೂಲಿ ವ್ಯಾಯಾಮದೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದು ವ್ಯಾಯಾಮದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಗುಣ ಕೊಟ್ಟಿತ್ತು. ನಿಧಾನವಾದ, ಉಸಿರಿನೊಂದಿಗೆ ಹೊಂದಿಕೊಂಡ ಚಲನೆ ಈ ಮೈಗೆ ಒಗ್ಗುತ್ತದೆ ಎಂಬುದಕ್ಕೆ ಈ ಮಾತು ಹೇಳಿದೆ.

ನಡಿಗೆಗಿಂತ ಕಷ್ಟವಾದ ಪಾಠ ಇನ್ನೊಂದಿದೆ. ಈ ಕಾಯಿಲೆಯವರ ದಿನಚರಿಯನ್ನು ಕೇಳಿದಾಗ ಒಂದೇ ಕಥೆ ಬರುತ್ತದೆ: ನೋವು ಕಡಿಮೆಯಾದ ದಿನ ಉಳಿದುಹೋದ ಕೆಲಸವನ್ನೆಲ್ಲ ಮುಗಿಸುತ್ತಾರೆ. ಬಟ್ಟೆ ಒಗೆದು, ಇಪ್ಪತ್ತು ರೊಟ್ಟಿ ಬಡಿದು, ಮಧ್ಯಾಹ್ನ ನಾಲ್ಕು ರವಿಕೆ ಹೊಲಿದು, ಸಂಜೆ ಕೊಡ ನೀರು ಹೊತ್ತು, ಮರುದಿನ ಏಳಲಾರದೆ ಮಲಗುತ್ತಾರೆ. ಎರಡು ದಿನ ಮಲಗಿದ್ದರಿಂದ ಸ್ನಾಯು ಇನ್ನಷ್ಟು ಸೊರಗುತ್ತದೆ, ಮುಂದಿನ ಸಲ ಇನ್ನೂ ಕಡಿಮೆ ಕೆಲಸಕ್ಕೇ ಮೈ ಬೀಳುತ್ತದೆ. ಹಾಗಾಗಿ ನಾನು ನನ್ನ ರೋಗಿಗಳಿಗೆ ಒಳ್ಳೆಯ ದಿನದ ಬಗ್ಗೆಯೇ ಎಚ್ಚರಿಕೆ ಹೇಳುತ್ತೇನೆ. ಒಳ್ಳೆಯ ದಿನ ಸ್ವಲ್ಪ ಕಡಿಮೆ ಮಾಡಿ, ಕೆಟ್ಟ ದಿನ ಸ್ವಲ್ಪವಾದರೂ ಮಾಡಿ. ಎರಡೂ ದಿನಗಳು ಒಂದಕ್ಕೊಂದು ಹತ್ತಿರ ಬರಬೇಕು.

ಹೊಲಿಗೆಗೆ ಇದನ್ನು ಅನ್ವಯಿಸುವುದು ಹೀಗೆ. ಮೊಬೈಲಿನಲ್ಲಿ 20 ನಿಮಿಷಕ್ಕೆ ಅಲಾರಂ ಇಡಿ. ಅದು ಬಡಿದಾಗ, ಕಾಲರ್ ಅರ್ಧಕ್ಕೆ ನಿಂತಿದ್ದರೂ, ಎದ್ದು ನಿಂತು ಭುಜವನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ, ಅಂಗಳಕ್ಕೆ ಹೋಗಿ ಬಂದು ಕೂರಿ. ನೋವು ಹೇಳಿದಾಗ ಏಳುವುದಲ್ಲ, ಗಡಿಯಾರ ಹೇಳಿದಾಗ ಏಳುವುದು. ನೋವು ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಬಟ್ಟೆ ಕತ್ತರಿಸುವುದನ್ನು ನೆಲದ ಮೇಲೆ ಬಗ್ಗಿ ಮಾಡುತ್ತಿದ್ದರೆ ಸೊಂಟದೆತ್ತರದ ಮೇಜಿಗೆ ತನ್ನಿ. ಕುರ್ಚಿಗೆ ದಿಂಬಿಟ್ಟು ಎತ್ತರ ಮಾಡಿಕೊಂಡರೆ ಕುತ್ತಿಗೆ ಬಗ್ಗುವುದು ಕಡಿಮೆಯಾಗುತ್ತದೆ. ಅಳತೆ ಮರೆಯುವುದಕ್ಕೆ ಬೇಸರ ಮಾಡಿಕೊಳ್ಳದೆ, ಟೇಪು ಹಿಡಿದಾಗಲೇ ಗಿರಾಕಿಯ ಮುಂದೆಯೇ ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಮರೆವು ಮಿದುಳಿನ ಸವೆತವಲ್ಲ, ನಿದ್ದೆ ಸುಧಾರಿಸಿದಂತೆ ಬಹಳ ಮಟ್ಟಿಗೆ ಇಳಿಯುತ್ತದೆ.

ನಿದ್ದೆಗೂ ನೋವಿಗೂ ಇರುವ ನಂಟು ಹಳೆಯ ಸಂಶೋಧನೆಯೊಂದರಿಂದ ಸ್ಪಷ್ಟವಾಗಿದೆ. 1975ರಲ್ಲಿ ಕೆನಡಾದ ಹಾರ್ವಿ ಮೊಲ್ಡೊಫ್ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರನ್ನು ಮಲಗಿಸಿ, ಅವರು ಗಾಢನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಆ ನಿದ್ದೆಯನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಒತ್ತಿದರೆ ನೋಯುವ ಸ್ನಾಯು, ಸುಸ್ತು ಕಾಣಿಸಿಕೊಂಡವು. ನೀವು ಎಂಟು ತಾಸು ಮಲಗಿಯೂ ಹೊಡೆಸಿಕೊಂಡವರಂತೆ ಏಳುವುದಕ್ಕೆ ಕಾರಣ ಇದೇ: ತಾಸುಗಳಿವೆ, ಆಳವಿಲ್ಲ. ಮಲಗುವ ವೇಳೆ ಹೆಚ್ಚುಕಡಿಮೆಯಾದರೂ ಏಳುವ ವೇಳೆಯನ್ನು ಬದಲಿಸಬೇಡಿ, ಭಾನುವಾರವೂ ಸಹ. ಮಧ್ಯಾಹ್ನ ಮಲಗಲೇಬೇಕೆನಿಸಿದರೆ 20 ನಿಮಿಷಕ್ಕೆ ಏಳಿ. ಮೂರು ಗಂಟೆಯ ನಂತರ ಚಹಾ ಬೇಡ. ಅದರ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ಗಟ್ಟಿಯಾಗಿ ಗೊರಕೆ ಹೊಡೆಯುತ್ತೀರಾ, ರಾತ್ರಿ ಕಾಲು ಜುಮುಗುಟ್ಟಿ ಅಲುಗಾಡಿಸದೆ ಇರಲಾಗುವುದಿಲ್ಲವೇ ಎಂಬುದನ್ನು ಮನೆಯವರಲ್ಲಿ ಕೇಳಿ ವೈದ್ಯರಿಗೆ ತಿಳಿಸಿ, ಎರಡಕ್ಕೂ ಬೇರೆ ಚಿಕಿತ್ಸೆಯಿದೆ.

ಆ ರಾತ್ರಿ ಮಾತ್ರೆಯನ್ನು ಕೊಟ್ಟದ್ದು ಈ ನಿದ್ದೆಗಾಗಿ ಮತ್ತು ನೋವಿನ ಕಾವಲನ್ನು ಸ್ವಲ್ಪ ಸುಮ್ಮನಾಗಿಸುವುದಕ್ಕಾಗಿ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಬಂದ ಔಷಧಿ ಎಂಬುದು ನಿಜ, ಆದರೆ ಖಿನ್ನತೆಗೆ ಸಾಮಾನ್ಯವಾಗಿ 75 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ನಿಮಗೆ ಬರೆದಿರುವ 10 ಮಿ.ಗ್ರಾಂ ನರದ ನೋವಿಗೆ ಕೊಡುವ ಅಳತೆ. ಬಾಯಿ ಒಣಗುವುದು, ಬೆಳಿಗ್ಗೆ ಮಂಪರು ಇದರ ತೊಂದರೆಗಳು. ಮಲಗುವುದಕ್ಕೆ ಒಂದೆರಡು ತಾಸು ಮೊದಲೇ ತೆಗೆದುಕೊಂಡರೆ ಮಂಪರು ಕಡಿಮೆ. ಹೃದಯದ ಲಯದ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ವೈದ್ಯರಿಗೆ ಹೇಳಲೇಬೇಕು. ನಾನಾಗಿದ್ದರೆ ಮರಳಿ ಆರಂಭಿಸುವ ಬಗ್ಗೆ ಅವರೊಂದಿಗೇ ಮಾತನಾಡಲು ಹೇಳುತ್ತಿದ್ದೆ. ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಗಳು ಈ ಕಾಯಿಲೆಗೆ ಹೆಚ್ಚು ಕೆಲಸ ಮಾಡುವುದಿಲ್ಲ, ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಅತ್ತೆಯವರ ಲಕ್ಕಿ ಸೊಪ್ಪಿನ ಸ್ನಾನವನ್ನು ಮುಂದುವರಿಸಿ. ಬಾಣಂತಿಯರಿಗೆ ನಮ್ಮ ಮನೆಗಳಲ್ಲಿ ಹಂಡೆಯ ನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿ ಎರೆಯುವುದು ಎಷ್ಟೋ ಕಾಲದ ರೂಢಿ. ಆ ಸೊಪ್ಪಿನಿಂದಲೇ ಫೈಬ್ರೊಮಯಾಲ್ಜಿಯಾ ಇಳಿಯುತ್ತದೆಂದು ನಾನು ಹೇಳಲಾರೆ, ಆದರೆ ಬಿಸಿನೀರಿಗೆ ಆ ಗುಣ ಇದೆ. ಬಿಸಿನೀರಿನ ಚಿಕಿತ್ಸೆಯಿಂದ ನೋವು ಮತ್ತು ಬಿಗಿತ ಸ್ವಲ್ಪ ಕಾಲ ಇಳಿಯುವುದು ಅಧ್ಯಯನಗಳಲ್ಲೂ ಕಂಡಿದೆ. ಸೊಪ್ಪಿನ ಘಮ ಮನಸ್ಸಿಗೆ ಹಿತವಾದರೆ ಅದೂ ಲಾಭವೇ. ಸ್ನಾನದ ಸಮಯ ಮಾತ್ರ ಬದಲಿಸಿ: ಬೆಳಿಗ್ಗೆಯ ಬದಲು ಮಲಗುವುದಕ್ಕೆ ಒಂದೆರಡು ತಾಸು ಮೊದಲು ಮಾಡಿದರೆ, ಸ್ನಾನದ ನಂತರ ಮೈ ತಣಿಯುವಾಗ ನಿದ್ದೆ ಸುಲಭವಾಗಿ ಹತ್ತುತ್ತದೆ. ನೀರು ಮೊಣಕೈಗೆ ಹಿತವಾಗಿರಬೇಕು, ಚುರುಕೆನ್ನಬಾರದು. ಎಣ್ಣೆ ಬಿದ್ದ ಬಚ್ಚಲಿನಲ್ಲಿ ಜಾರಿ ಬೀಳದಂತೆ ಕಾಲ ಕೆಳಗೆ ಒರಟು ಚೀಲ ಹಾಸಿಕೊಳ್ಳಿ. ಎಣ್ಣೆ ಎಳ್ಳಿನದಾದರೂ ಕೊಬ್ಬರಿಯದಾದರೂ ಸರಿ, ಆದರೆ ಅತ್ತೆಯವರಿಗೆ ಒಂದು ಮಾತನ್ನು ವಿನಯದಿಂದ ಹೇಳಿ: ಹೆಬ್ಬೆರಳಿನಿಂದ ಒತ್ತಿ ಗಂಟು ಬಿಡಿಸುವಂತೆ ತಿಕ್ಕುವುದು ಬೇಡ. ನೋವು ಬಿಡುತ್ತದೆಂದು ಅವರು ಪ್ರೀತಿಯಿಂದಲೇ ಬಲ ಹಾಕುತ್ತಾರೆ, ನಿಮ್ಮ ಮೈಗೆ ಆ ಬಲವೇ ಏಟಾಗುತ್ತದೆ. ಮಗುವಿಗೆ ಎಣ್ಣೆ ಹಚ್ಚುವಂತೆ ಅಂಗೈಯಿಂದ ಉದ್ದಕ್ಕೆ ಸವರಿದರೆ ಸಾಕು.

ಹೊಲಿಯುತ್ತಾ ಭುಜ ಹಿಡಿದುಕೊಂಡಾಗ ದಪ್ಪ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಕೆನ್ನೆಗೆ ತಾಗಿಸಿ ನೋಡಿ, ಹದಿನೈದು ನಿಮಿಷ ಶಾಖ ಕೊಡಿ. ಪೇಟೆಯಲ್ಲಿ ಸ್ನಾನಕ್ಕೆಂದು ಮಾರುವ ಎಪ್ಸಮ್ ಉಪ್ಪಿಗೆ ಹಣ ಹಾಕಬೇಕಿಲ್ಲ, ಅದರ ಮೆಗ್ನೀಷಿಯಂ ಚರ್ಮದ ಮೂಲಕ ಒಳಗೆ ಹೋಗುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ರಾತ್ರಿ ಅರಿಸಿನದ ಹಾಲು ಕುಡಿಯುವ ರೂಢಿಯಿದ್ದರೆ ಕುಡಿಯಿರಿ. ಆದರೆ ಅರಿಸಿನದ ಸಾರ ತುಂಬಿದ ಕ್ಯಾಪ್ಸೂಲುಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ; ಅವುಗಳಿಂದ ಯಕೃತ್ತಿಗೆ ಪೆಟ್ಟಾದ ಉದಾಹರಣೆಗಳು ವರದಿಯಾಗಿವೆ, ರಕ್ತ ತೆಳುವಾಗಿಸುವ ಔಷಧಿಯವರಿಗೆ ಅದು ಇನ್ನೂ ಅಪಾಯ.

ಪಕ್ಕದ ಮನೆಯ ಪುಡಿಯನ್ನು ಮಾತ್ರ ಬಾಯಿಗೆ ಹಾಕಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಯಾವ ಬೇರು ನಾರೂ ಎರಡು ದಿನದಲ್ಲಿ ಎರಡು ವರ್ಷದ ನೋವನ್ನು ಅಳಿಸುವುದಿಲ್ಲ. ಅಷ್ಟು ಬೇಗ ನೋವನ್ನು ಅಡಗಿಸುವುದು ಹೆಚ್ಚಾಗಿ ಸ್ಟೀರಾಯ್ಡ್. ಹೆಸರಿಲ್ಲದ, ಚೀಟಿಯಿಲ್ಲದ ಪೊಟ್ಟಣಗಳಲ್ಲಿ ಅದನ್ನು ಬೆರೆಸಿ ಕೊಡುವವರಿದ್ದಾರೆ. ಕೆಲವು ತಿಂಗಳು ಸೇವಿಸಿದವರು ಮುಖ ಊದಿಕೊಂಡು, ಸಕ್ಕರೆ ಏರಿ, ಮೂಳೆ ಪೊಳ್ಳಾಗಿ ನಮ್ಮ ಬಳಿ ಬರುತ್ತಾರೆ. ನಿಮ್ಮ ಪಕ್ಕದವರು ಅದನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಅವರಿಗೂ ಹೇಳಿ, ಆದರೆ ಒಮ್ಮೆಲೇ ನಿಲ್ಲಿಸಬಾರದು, ಹಾಗೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಪೊಟ್ಟಣವನ್ನು ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಕು. ಆಯುರ್ವೇದದಲ್ಲಿ ನಂಬಿಕೆಯಿದ್ದರೆ ಪದವಿ ಪಡೆದ ವೈದ್ಯರನ್ನು ಕಂಡು, ಕಂಪನಿಯ ಹೆಸರು ಮತ್ತು ಘಟಕಗಳನ್ನು ಅಚ್ಚು ಹಾಕಿದ ಔಷಧಿಯನ್ನೇ ಪಡೆಯಿರಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲೂಗಡ್ಡೆ, ಬದನೆಕಾಯಿ ತಿಂದ ದಿನ ನಿಮಗೆ ನಿಜವಾಗಿ ಹೊಟ್ಟೆಯುಬ್ಬರ ಬಂದು ನೋವು ಹೆಚ್ಚುವುದಾದರೆ ಬಿಡಿ, ಇಲ್ಲವಾದರೆ ಬಿಡಲು ಕಾರಣವಿಲ್ಲ. ಬೇಳೆ ಬಿಟ್ಟರೆ ಸ್ನಾಯುವಿಗೆ ಬೇಕಾದ ಪ್ರೋಟೀನ್ ಕಳೆದುಕೊಳ್ಳುತ್ತೀರಿ. ಜೋಳದ ರೊಟ್ಟಿ, ಮೊಳಕೆಕಾಳಿನ ಪಲ್ಯ, ಸೊಪ್ಪು, ಮೊಸರು ನಿಮ್ಮ ತಟ್ಟೆಯಲ್ಲಿ ಮೊದಲೇ ಇರುವವೇ, ಅವೇ ಒಳ್ಳೆಯವು. ಸಸ್ಯಾಹಾರಿಗಳಾದರೆ ಬಿ12 ಹಾಲು ಮೊಸರಿನಿಂದ ಬಿಟ್ಟರೆ ಬೇರೆಡೆಯಿಂದ ಸಿಗುವುದು ಕಷ್ಟ, ಆದ್ದರಿಂದಲೇ ಆ ಪರೀಕ್ಷೆಯನ್ನು ಮೇಲೆ ಹೇಳಿದೆ. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ಬಿಟ್ಟು ಕುಡಿಯಿರಿ.

ನೋವು ಮನಸ್ಸಿನಿಂದ ಹುಟ್ಟಿದ್ದಲ್ಲ ಎಂದೆ. ಆದರೆ ಎರಡು ವರ್ಷ ನೋವು ತಿಂದ ಮನಸ್ಸು ಕುಗ್ಗುವುದು ಸಹಜ, ಮತ್ತು ಕುಗ್ಗಿದ ಮನಸ್ಸು ನೋವಿನ ಕಾವಲನ್ನು ಇನ್ನಷ್ಟು ಕೆರಳಿಸುತ್ತದೆ. ಅಳು ತಡೆಯಲಾಗದಿದ್ದರೆ, ಯಾವುದೂ ಬೇಡವೆನಿಸುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ.

ಇದು ಪೂರ್ತಿ ಹೋಗುತ್ತದೆಯೇ ಎಂದು ನೀವು ಕೇಳಿಲ್ಲ, ಕೇಳಲು ಹೆದರಿರಬಹುದು. ಬಹಳ ಜನರಲ್ಲಿ ಇದು ಪೂರ್ತಿ ಮಾಯವಾಗುವುದಿಲ್ಲ, ಆದರೆ ಕೀಲುಗಳನ್ನು ಸೊಟ್ಟ ಮಾಡುವುದಿಲ್ಲ, ಕೈಕಾಲು ಬೀಳಿಸುವುದಿಲ್ಲ, ಮತ್ತು ನೋವು ಹಿನ್ನೆಲೆಗೆ ಸರಿದು ಕೆಲಸ ಮುಂದೆ ಬರುವ ಮಟ್ಟಕ್ಕೆ ಇಳಿದವರನ್ನು ನಾನು ಅನೇಕರನ್ನು ನೋಡಿದ್ದೇನೆ. ಯಾವುದಾದರೂ ಕೀಲು ಊದಿಕೊಂಡರೆ, ಬೆರಳುಗಳ ಬಿಗಿತ ಬೆಳಿಗ್ಗೆ ಒಂದು ತಾಸಿಗೂ ಮೀರಿ ಉಳಿದರೆ, ಜ್ವರ ಬಂದರೆ, ತೂಕ ಇಳಿಯತೊಡಗಿದರೆ, ಕೈಕಾಲಿನ ಬಲ ಕುಂದಿದರೆ ಅದನ್ನು ಫೈಬ್ರೊಮಯಾಲ್ಜಿಯಾದ ಲೆಕ್ಕಕ್ಕೆ ಹಾಕದೆ ಕೂಡಲೇ ತೋರಿಸಿ.

ಅಳತೆಯ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ಎಷ್ಟು ನಿಮಿಷ ನಡೆದಿರಿ, ಎಷ್ಟು ಗಂಟೆಗೆ ಎದ್ದಿರಿ, ನೋವು ಹತ್ತರಲ್ಲಿ ಎಷ್ಟು. ಎಂಟು ವಾರದ ನಂತರ ಆ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿದರೆ ಮಾತ್ರೆಯ ಪ್ರಮಾಣ ನಿರ್ಧರಿಸುವುದು ಅವರಿಗೂ ಸುಲಭ. ಇನ್ನು ದೀಪಾವಳಿಯ ಹೊಲಿಗೆ. ಹಬ್ಬದ ಹಿಂದಿನ ವಾರ ರಾತ್ರಿ ಹನ್ನೊಂದರವರೆಗೆ ಕೂತು ಹೊಲಿದು, ಹಬ್ಬದ ದಿನ ಮಲಗಿರುವ ಹೊಲಿಗೆಯವರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ದಿನಕ್ಕೆ ಎರಡು ರವಿಕೆ ನಿಮಗೆ ಹಿಡಿಸುವ ಲೆಕ್ಕವಾದರೆ, ಹಬ್ಬಕ್ಕೆ ಉಳಿದಿರುವ ದಿನಗಳನ್ನು ಎಣಿಸಿ, ಅದರಲ್ಲಿ ಮೈಗೆ ಆಗದ ದಿನಗಳಿಗೆಂದು ವಾರಕ್ಕೆರಡನ್ನು ಕಳೆದು, ಉಳಿದಷ್ಟಕ್ಕೆ ಮಾತ್ರ ಬಟ್ಟೆ ಹಿಡಿಯಿರಿ, ಮಿಕ್ಕವರಿಗೆ ಈಗಲೇ ಆಗುವುದಿಲ್ಲ ಎಂದು ಹೇಳಿಬಿಡಿ.